ಅತ್ತೆಯ ಮೊದಲ ಮುದ್ದೆ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಮುದ್ದೆ ಹೋಟೆಲು. ನಾಲ್ಕು ಮೇಜು, ಒಂದು ಸೌದೆ ಒಲೆ. ಒಲೆಯ ಮುಂದೆ ಅತ್ತೆ, ಬಡಿಸಲು ನಾನು, ಗಲ್ಲಾದಲ್ಲಿ ನನ್ನ ಗಂಡ. ಅತ್ತೆಯದೊಂದು ಕಟ್ಟುಪಾಡು: ಕೊನೆಯ ಗಿರಾಕಿ ಕೈ ತೊಳೆಯುವವರೆಗೆ ಮಾಡಿದವರು ಬಾಯಿಗೆ ಒಂದಗುಳೂ ಹಾಕಬಾರದು. ಉಪ್ಪು ನೋಡುವುದೂ ಇಲ್ಲ. ಸಾರಿನ ಆವಿಗೆ ಮೂಗೊಡ್ಡಿ, "ಉಪ್ಪು ಸಾಲ್ದು ಕಣೇ" ಎನ್ನುತ್ತಿದ್ದರು. ಅದು ಒಂದು ದಿನವೂ ತಪ್ಪಿದ್ದಿಲ್ಲ. ನನಗೋ ಹನ್ನೊಂದಕ್ಕೇ ಹೊಟ್ಟೆ ಚುರುಗುಟ್ಟುತ್ತಿತ್ತು, ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಊರು ತಾಲ್ಲೂಕಾದ ಮೇಲೆ ಗಿರಾಕಿ ಹೆಚ್ಚಿತು, ಸೊಪ್ಪು ಕಡಿಮೆಯಾಯಿತು. ಮಂಗಳವಾರ ನಮ್ಮಲ್ಲಿ ಬೆರಕೆ ಸೊಪ್ಪಿನ ಸಾರು. ಅಣ್ಣೆ, ಗೋಣಿ, ಗಣಿಕೆ, ಹೀಗೆ ಬದುವಿನಲ್ಲಿ ತಾನಾಗಿ ಹುಟ್ಟಿದ್ದನ್ನು ಕಿತ್ತು ತಂದು ಮಾಡುವ ಸಾರು ಅದು. ಹೋಟೆಲಿನ ಹಿಂದಿದ್ದ ರಾಗಿ ಹೊಲಗಳೆಲ್ಲ ಲೇಔಟ್ ಆಗಿದ್ದವು. ಹನಿ ನೀರಿಲ್ಲದ ಜಾಗಕ್ಕೆ ದೊಡ್ಡ ಕಮಾನು ಬೇರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆದರೆ ಮಳೆ ಬಿದ್ದಿದ್ದರಿಂದ ಸೈಟುಗಳ ತುಂಬ ಎಳೆ ಸೊಪ್ಪು ಎದ್ದಿತ್ತು. ಆ ಮಂಗಳವಾರ ದೂರದ ಹೊಲಕ್ಕೆ ನಡೆಯಲು ನನಗೆ ಸೋಮಾರಿತನ. ಲೇಔಟಿನಲ್ಲೇ ಮಡಿಲು ತುಂಬ ಕಿತ್ತು ತಂದೆ.

ಮಧ್ಯಾಹ್ನದ ಹೊತ್ತಿಗೆ ಲೇಔಟಿನ ಕಾವಲುಗಾರ ಪಾರ್ಸೆಲ್ಲಿಗೆ ಬಂದ. "ಬೀದಿಯೋರ್ಗೆಲ್ಲ ಹೇಳ್ಬಿಡಮ್ಮ, ದನ ಅಲ್ಲಿಗೆ ಬಿಡೋದ್ ಬ್ಯಾಡ. ನಿನ್ನೆ ಸಾಯಂಕಾಲ ಕಳೆ ಸಾಯೋ ಔಷಧಿ ಹೊಡೆಸವ್ರೆ" ಎಂದ.

ಕೈಲಿದ್ದ ಸೌಟು ಕೆಳಗಿಟ್ಟೆ. "ಯಾವ ಕಡೆ ಹೊಡೆಸವ್ರೆ ಅಣ್ಣ?"

"ನಾನೆಲ್ಲಿ ನೋಡ್ದೆ. ಕ್ಯಾನ್ ಹೊತ್ಕೊಂಡ್ ಹೋದ್ರು, ಬಂದ್ರು."

ಗೊಬ್ಬರದ ಅಂಗಡಿಯವರು ಆಗಷ್ಟೇ ಕೂತು ಮುದ್ದೆ ಮುರಿಯುತ್ತಿದ್ದರು. ಅವರ ಮುಂದಿನ ತಟ್ಟೆ ಎಳೆದುಕೊಂಡೆ. ಅವರಿನ್ನೂ ತುತ್ತು ಬಾಯಿಗೆ ಇಟ್ಟಿರಲಿಲ್ಲ. ಆದರೆ ಅವರಿಗಿಂತ ಮೊದಲು ಒಬ್ಬಳು ಉಂಡು ಹೋಗಿದ್ದಳು. ಪಂಚನಹಳ್ಳಿ ಕಡೆಯ ಹುಡುಗಿ, ತಾಲ್ಲೂಕು ಕಚೇರಿಯಲ್ಲಿ ಕೆಲಸ, ಏಳು ತಿಂಗಳ ಬಸುರಿ. ಹಸಿವು ತಡೆಯದೆ ದಿನವೂ ಎಲ್ಲರಿಗಿಂತ ಮುಂಚೆ ಬರುತ್ತಿದ್ದಳು. "ಅಮ್ಮನ ಸಾರಿನಂಗೇ ಐತೆ ಅಕ್ಕ" ಎಂದಿದ್ದಳು. ಎರಡನೇ ಸೌಟು ನಾನೇ ಒತ್ತಾಯ ಮಾಡಿ ಬಡಿಸಿದ್ದೆ.

ಗಂಡನನ್ನು ಒಳಗೆ ಕರೆದು ಅತ್ತೆಗೂ ಅವರಿಗೂ ಹೇಳಿದೆ. "ಸುಮ್ನಿರು" ಎಂದರು ನನ್ನ ಗಂಡ. "ಮೂರ್ ಸಲ ತೊಳ್ದಿದ್ದೀಯ, ಕುದ್ದೈತೆ. ಬಾಯ್ ಬಿಟ್ರೆ ನಾಳೆಯಿಂದ ಒಬ್ರೂ ಬರಲ್ಲ." ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಸುಮ್ಮನಿರೋಣ ಅನ್ನಿಸಿತು. ಅಷ್ಟು ಭಯವಾಗಿತ್ತು.

ಅತ್ತೆ ಒಲೆಯ ಸೌದೆ ಹೊರಗೆಳೆದರು. "ಹೋಗು. ಆ ಮಗೀಗೆ ಹೇಳು. ಹೋಟ್ಲು ಹೋದ್ರೆ ಹೋಗ್ಲಿ."

ಕಚೇರಿಯ ಮೆಟ್ಟಿಲು ಹೇಗೆ ಹತ್ತಿದೆನೋ ನೆನಪಿಲ್ಲ. ಕಂಪ್ಯೂಟರ್ ಮುಂದೆ ಕೂತಿದ್ದವಳು ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ಬೈಯಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಎದ್ದು ನಿಂತಳು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಏನೂ ಆಗದೆಯೂ ಇರಬಹುದು, ಆದರೂ ರಾತ್ರಿ ಇಲ್ಲೇ ಇರಲಿ ಎಂದರು. ಅವಳು ಮಗ್ಗುಲು ಬದಲಿಸಿದಾಗಲೆಲ್ಲ ಎದ್ದು ಬಗ್ಗಿ ನೋಡುತ್ತಿದ್ದೆ. ಸಂಜೆ ಅವಳ ಗಂಡ ಕಡೂರಿನಿಂದ ಬಂದ. ನನ್ನ ಕಡೆ ನೋಡಲೂ ಇಲ್ಲ, ಅವನಿಗೆ ತೋರಿಸುವ ಮುಖವೂ ನನಗಿರಲಿಲ್ಲ. ಎದ್ದು ವಾಪಸ್ಸು ಬಂದೆ.

ಹೋಟೆಲಿನ ಬಾಗಿಲು ಅರ್ಧ ಎಳೆದಿತ್ತು. ಆರಿದ ಒಲೆಯ ಪಕ್ಕ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಉಂಡ ತಟ್ಟೆ, ಅಂಚಿನಲ್ಲಿ ಒಣಗಿದ ಹಸಿರು ಸಾರು.

"ನೀನ್ ಅತ್ತ ಹೋದ್ ಕೂಡ್ಲೇ ಉಂಡೆ" ಎಂದರು. "ಆ ಮಗಿನಂಗೇ ಎರಡ್ ಸಲ ಹಾಕ್ಕೊಂಡೆ. ಏನಾರ ಆಗೋದಿದ್ರೆ ಈ ವಯಸ್ಸಿಗೆ ನಂಗೇ ಮೊದ್ಲು ಆಗ್ತೈತೆ. ಹಂಗಾದ್ರೆ ಓಡೋಗಿ ಡಾಕ್ಟ್ರಿಗೆ ಹೇಳು, ಅವ್ಳಿಗಾಗೋಕ್ ಮುಂಚೆ ಗೊತ್ತಾಗ್ಲಿ."

ನನಗೆ ಸಿಟ್ಟು ಬಂತು. "ನಿಮಗೇನ್ ತಲೆ ಕೆಟ್ಟೈತಾ ಅತ್ತೆ" ಎಂದವಳೇ ಅಲ್ಲಿಯೇ ಕುಸಿದು ಅತ್ತುಬಿಟ್ಟೆ. ಇನ್ನು ಕಾಯಬೇಕಾದ ಜೀವಗಳು ಎರಡಲ್ಲ, ಮೂರು. ಬೆಳಗಾಗುವವರೆಗೂ ಅತ್ತೆಯ ಕೈ ಹಿಡಿದುಕೊಂಡೇ ಕೂತಿದ್ದೆ.

ಯಾರಿಗೂ ಏನೂ ಆಗಲಿಲ್ಲ. ಹುಡುಗಿ ಮಾರನೆಯ ದಿನ ಮನೆಗೆ ಹೋದಳು. ಎರಡು ತಿಂಗಳಾದ ಮೇಲೆ ಹೆಣ್ಣು ಮಗು ಹುಟ್ಟಿತೆಂದು ಕಚೇರಿಯವರ ಕೈಲಿ ಪೇಡ ಕಳಿಸಿದಳು. ಊಟಕ್ಕೆ ಮಾತ್ರ ಮತ್ತೆ ಬರಲಿಲ್ಲ, ಅದು ತಪ್ಪೂ ಅಲ್ಲ. ಔಷಧಿ ಯಾವ ಕಡೆ ಹೊಡೆದಿದ್ದರೆಂದು ಇವತ್ತಿಗೂ ನಮಗೆ ಗೊತ್ತಿಲ್ಲ.

ಈಗ ಸೊಪ್ಪು ಸಂತೆಯಿಂದ ತರುತ್ತೇವೆ. ಅದಕ್ಕೆ ಏನು ಹೊಡೆದಿರುತ್ತಾರೋ ಬಲ್ಲವರು ಯಾರು? ಹಾಗಾಗಿ ದಿನವೂ ಹನ್ನೊಂದೂವರೆಗೆ, ಹೋಟೆಲು ತೆರೆಯುವ ಮುಂಚೆ, ಅತ್ತೆ ಮೊದಲ ಮುದ್ದೆ ಮುರಿಯುತ್ತಾರೆ. ನಾನು ಉಣ್ಣುತ್ತೇನೆ ಎಂದು ಎಷ್ಟು ಸಲ ಹೇಳಿದ್ದೇನೆ. "ನೀನ್ ಬಡಿಸ್ಬೇಕು, ಸುಮ್ನಿರು" ಎನ್ನುತ್ತಾರೆ. ಉಂಡು, ಕೈ ತೊಳೆದು, ಗಡಿಯಾರದ ಎದುರು ಕೂರುತ್ತಾರೆ. ಹೊರಗೆ ಗಿರಾಕಿಗಳು ಬಾಗಿಲು ತಟ್ಟುತ್ತಾರೆ. ಅರ್ಧ ಗಂಟೆ ಕಳೆಯುವವರೆಗೆ ನಾನು ಚಿಲಕದ ಮೇಲೆ ಕೈಯಿಟ್ಟು ಅತ್ತೆಯ ಮುಖವನ್ನೇ ನೋಡುತ್ತ ನಿಂತಿರುತ್ತೇನೆ.