ನಕಲಿಲ್ಲದ ಕ್ಯಾಸೆಟ್

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಯಜಮಾನರು ವಿಡಿಯೊ ಪ್ಲೇಯರಿನ ಮುಚ್ಚಳ ಬಿಚ್ಚಿ, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಟೇಪನ್ನು ಓದುವ ಅದರ ಹೆಡ್ ಒರೆಸುತ್ತಿದ್ದರು. ಬಟ್ಟೆಯನ್ನು ಅಡ್ಡಡ್ಡ ಮಾತ್ರ ಎಳೆಯಬೇಕು. ಮೇಲೆ ಕೆಳಗೆ ಎಳೆದರೆ ಹೆಡ್ ಮುರಿದೇಹೋಗುತ್ತದೆ. ಈ ಪ್ಲೇಯರಿನ ಬಿಡಿಭಾಗ ಈಗ ಎಲ್ಲಿಯೂ ಸಿಗುವುದಿಲ್ಲ, ಇನ್ನೊಂದು ಸಲ ಓಡಿದರೆ ಪುಣ್ಯ ಎಂದು ಮೆಕ್ಯಾನಿಕ್ ಹೇಳಿದ್ದ. ಪಕ್ಕದಲ್ಲಿ ಮಗಳು ಕಂಪ್ಯೂಟರಿಗೆ ವೈರು ಸಿಕ್ಕಿಸುತ್ತಿದ್ದಳು. ಆ ಒಂದು ಓಟದಲ್ಲಿ ಅವಳಿಗೆ ಹಳೆಯ ಕ್ಯಾಸೆಟ್ಟಿನಲ್ಲಿದ್ದ ಅಮ್ಮನ ದನಿಯನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಿಕೊಳ್ಳಬೇಕಿತ್ತು.

ಅಂಗಡಿ ಖಾಲಿಯಾಗಿತ್ತು. ಕಪಾಟುಗಳಿದ್ದ ಕಡೆ ಗೋಡೆಯ ಬಣ್ಣ ಮಾಸದೆ ಹೊಸದಾಗಿಯೇ ಉಳಿದಿತ್ತು.

ಗಂಡ ಹೆಂಡತಿ ಇಬ್ಬರೇ ಕೂಡಿ ತೆರೆದ ಬಾಡಿಗೆ ಕ್ಯಾಸೆಟ್ಟಿನ ಅಂಗಡಿ ಅದು. ಚೆನ್ನಾಗಿ ಕುದುರಿ, ಊರಿನಲ್ಲಿ ಆರು ಶಾಖೆಗಳಾದವು. ಎಲ್ಲದರ ಬೋರ್ಡಿಗೂ ಹೆಂಡತಿ ಆರಿಸಿದ ಹಳದಿ ಬಣ್ಣ, ಕೆಳಗೆ ಯಜಮಾನರ ಒಂದು ಸಾಲು: ‘ಇಲ್ಲಿ ನಕಲು ಇಲ್ಲ’. ಬೇರೆ ಅಂಗಡಿಯವರು ಒಂದು ಕ್ಯಾಸೆಟ್ ತಂದು ಹತ್ತು ಮಾಡಿ ಬಾಡಿಗೆಗೆ ಕೊಡುತ್ತಿದ್ದ ಕಾಲ. ಇವರು ಮಾತ್ರ ಅಸಲನ್ನೇ ಕೊಡುತ್ತಿದ್ದರು. ನೋಡಿದ ಟೇಪನ್ನು ಮತ್ತೆ ಮೊದಲಿಗೆ ಸುತ್ತದೆ ತಂದವರನ್ನು ಕೌಂಟರಿನಲ್ಲೇ ನಿಲ್ಲಿಸಿ ಸುತ್ತಿಸುತ್ತಿದ್ದರು. ಗಿರಾಕಿಗಳು ಬೆನ್ನ ಹಿಂದೆ ಅವರನ್ನು ರಿವೈಂಡ್ ಯಜಮಾನ್ರು ಎನ್ನುತ್ತಿದ್ದರು.

ಮೊದಲ ಅಂಗಡಿ ತೆರೆದ ದಿನ ಯಜಮಾನರೇ ಕ್ಯಾಮೆರಾ ಹಿಡಿದು ಹೆಂಡತಿಯ ವಿಡಿಯೊ ತೆಗೆದಿದ್ದರು. ಮುಂದೆ ಯಾವ ಶಾಖೆ ತೆರೆದರೂ ಮೊದಲು ಹಾಕುವುದು ಅದೇ ಕ್ಯಾಸೆಟ್. ಅದು ಮನೆಯ ಪದ್ಧತಿಯೇ ಆಗಿಹೋಯಿತು. ಆರನೆಯದು ತೆರೆದ ವರ್ಷವೇ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡರು. ಮಗಳಿಗೆ ಆಗ ಮೂರು ವರ್ಷ. ಆಮೇಲೆ ಪ್ರತಿ ಭಾನುವಾರ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರು ಅದನ್ನೇ ನೋಡುತ್ತಿದ್ದರು.

ಟೇಪಿನಲ್ಲಿ ಚಿತ್ರಕ್ಕೆ ನಡುವಿನ ಅಗಲವೆಲ್ಲ ಸಿಗುತ್ತದೆ. ದನಿ ಇರುವುದು ಅಂಚಿನ ಒಂದು ಎಳೆಯಲ್ಲಿ, ಮೊದಲು ಸವೆಯುವುದೂ ಆ ಅಂಚೇ. ಇದು ಗೊತ್ತಿದ್ದ ಮೆಕ್ಯಾನಿಕ್ ಆ ದಿನಗಳಲ್ಲೇ ಅಂಗಲಾಚಿದ್ದ.

“ಯಜಮಾನ್ರೇ, ದಮ್ಮಯ್ಯ, ಒಂದು ಕಾಪಿ ಮಾಡಿಟ್ಕೊಳ್ಳಿ.”

“ಬೋರ್ಡು ಓದಕ್ಕೆ ಬರಲ್ವೇನಯ್ಯ ನಿಂಗೆ?”

“ಅಕ್ಕ ಇರೋ ಕ್ಯಾಸೆಟ್ಟಿಗೂ ಅದೇ ಮಾತಾ?”

“ಅವಳಿರೋದಕ್ಕಂತೂ ಬೇಡವೇ ಬೇಡ. ಅವಳ ನಕಲು ಯಾರಿಗೆ ಬೇಕು?”

ದನಿ ಗರಗರ ಎನ್ನತೊಡಗಿದ ಭಾನುವಾರ ಅವರು ಕ್ಯಾಸೆಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮತ್ತೆ ಅದನ್ನು ಓಡಿಸಲಿಲ್ಲ. ಅಷ್ಟರಲ್ಲಿ ಡಿಸ್ಕ್ ಬಂತು, ಆಮೇಲೆ ಸಿನಿಮಾ ನೇರವಾಗಿ ಮನೆಮನೆಗೇ ಬಂತು. ಶಾಖೆಗಳು ಒಂದೊಂದಾಗಿ ಕಣ್ಣುಮುಚ್ಚಿದವು. ಉಳಿದದ್ದು ಈ ಮೊದಲನೆಯದು. ಅದಕ್ಕೂ ಇಂದು ಕೊನೆ. ಮಗಳ ಮಾತಿಗೆ ಕಡೆಗೂ ಒಪ್ಪಿ ಯಜಮಾನರು ಬೀರುವಿನ ಬೀಗ ತೆಗೆದಿದ್ದರು.

“ಅಪ್ಪ, ನಾನು ಹಾಕ್ಲಾ?”

“ನೀನು ಸುಮ್ನಿರು ಮರಿ. ಆರು ಅಂಗಡಿ ನಡೆಸಿದೋನಿಗೆ ಕ್ಯಾಸೆಟ್ ಹಾಕೋದು ಹೇಳ್ಕೊಡ್ತಾಳೆ.”

ಕ್ಯಾಸೆಟ್ ಒಳಗೆ ಹೋಯಿತು. ಪರದೆಯ ಮೇಲೆ ಗೆರೆಗಳು ಕುಣಿದು, ನಿಧಾನಕ್ಕೆ ಹಳದಿ ಬೋರ್ಡು, ಕೌಂಟರು, ಅದಕ್ಕೆ ಒರಗಿ ನಿಂತ ಹೆಂಡತಿ ಮೂಡಿದರು. ಹೊಸ ಕ್ಯಾಸೆಟ್ಟೊಂದನ್ನು ಅತ್ತಿತ್ತ ತಿರುಗಿಸಿ ನೋಡಿ, ಕ್ಯಾಮೆರಾದ ಕಡೆ ಮುಖವೆತ್ತಿ ಏನೋ ಕೇಳಿದರು. ತುಟಿ ಆಡಿತು. ಸ್ಪೀಕರಿನಿಂದ ಬಂದದ್ದು ಬರೀ ಸುಯ್ ಎನ್ನುವ ಸದ್ದು.

ಮಗಳು ವೈರು ಒತ್ತಿ ನೋಡಿದಳು, ದನಿ ಪೂರ್ತಿ ಏರಿಸಿದಳು. ಸುಯ್ ಎನ್ನುವುದೇ ಜೋರಾಯಿತು. ಪರದೆಯಲ್ಲಿ ಅಮ್ಮ ಉತ್ತರ ಕೇಳಿಸಿಕೊಂಡು, ಹುಬ್ಬೇರಿಸಿ, ನಂಬದವರಂತೆ ನಕ್ಕರು. ಅಷ್ಟಕ್ಕೇ ಟೇಪು ಪ್ಲೇಯರಿನೊಳಗೆ ಸಿಕ್ಕಿಕೊಂಡು ಪರದೆ ನೀಲಿಯಾಯಿತು.

ಮಗಳು ಕಂಪ್ಯೂಟರಿನಿಂದ ವೈರು ಕಿತ್ತಳು.

“ಅಮ್ಮ ಏನು ಕೇಳಿದ್ದು ಅಪ್ಪ?”

ಯಜಮಾನರು ಮತ್ತೆ ಮುಚ್ಚಳ ತೆಗೆದು ಸಿಕ್ಕಿದ ಟೇಪನ್ನು ಬೆರಳ ತುದಿಯಿಂದ ಬಿಡಿಸತೊಡಗಿದರು. “ಈ ಕ್ಯಾಸೆಟ್ಟು ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ.”

“ನೀನೇನಂದೆ?”

ಅವರ ಬೆರಳು ನಿಂತಿತು.

“ನೂರು ವರ್ಷ ಅಂದಿದ್ದೆ.”