ಗಡಿಯಾಚೆಯ ಹೆಸರುಗಳನ್ನು ಹುಡುಕುವ ಡಿಂಪ್ನಾ

ಬೆಳಿಗ್ಗೆ ಐದೂಮುಕ್ಕಾಲು. ಕಾರ್ಲಿಂಗ್‌ಫರ್ಡ್ ಹಿನ್ನೀರಿನ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಐವತ್ತೊಂಬತ್ತು ವರ್ಷದ ಡಿಂಪ್ನಾ ಟಾರ್ಚ್ ಹಿಡಿದು ತಮ್ಮ ಕಾರಿನ ಪಕ್ಕ ಮೊಣಕಾಲೂರಿ, ಬಗ್ಗಿ ಅಡಿಭಾಗ ನೋಡುತ್ತಿದ್ದಾರೆ. ಮುಂದಿನ ಚಕ್ರದ ಒಳಬದಿ, ಹಿಂದಿನ ಚಕ್ರದ ಒಳಬದಿ, ಡ್ರೈವರ್ ಸೀಟಿನ ಕೆಳಗೆ. ಏನೂ ಇಲ್ಲ. ಎದ್ದು, ಮೊಣಕಾಲಿಗೆ ಮೆತ್ತಿದ ಜಲ್ಲಿಪುಡಿ ಕೊಡವಿಕೊಂಡು ಕಾರು ಹತ್ತುತ್ತಾರೆ.

"ಬಾಂಬ್ ಇದೆ ಅಂತ ಭಯಪಟ್ಟು ನೋಡ್ತೀನಿ ಅಂದ್ಕೋಬೇಡಿ," ಅನ್ನುತ್ತಾರೆ. "ಹಲ್ಲುಜ್ಜಿದ ಹಾಗೆ ಇದೂ ಒಂದು. ಇಪ್ಪತ್ತೆರಡು ವರ್ಷದಿಂದ ಪೊಲೀಸರ ಜೊತೆ ಕೆಲಸ ಮಾಡ್ತಿದ್ದೀನಿ. ಒಂದು ದಿನ ಬಿಟ್ರೆ ಇಡೀ ದಿನ ಏನೋ ಮರೆತ ಹಾಗಿರುತ್ತೆ."

ಡಿಂಪ್ನಾ ಪೊಲೀಸ್ ಅಲ್ಲ. ಸಮವಸ್ತ್ರವಿಲ್ಲ, ಲಾಠಿಯಿಲ್ಲ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ, ದಕ್ಷಿಣದ ಐರ್ಲೆಂಡ್ ಗಣರಾಜ್ಯದ ಗಡಿಗೆ ಹತ್ತಿರದ ಒಂದು ಪೊಲೀಸ್ ಕಚೇರಿಯಲ್ಲಿ ಗುಮಾಸ್ತೆ. ಬ್ರಿಟಿಷ್ ಆಡಳಿತವನ್ನು ಒಪ್ಪದ ಗುಂಪುಗಳು ಇಲ್ಲಿ ಪೊಲೀಸರ ಕಾರಿನಡಿ ಬಾಂಬ್ ಕಟ್ಟಿದ್ದುಂಟು. ಕಚೇರಿಯ ಹೆಸರು, ತಮ್ಮ ಮನೆತನದ ಹೆಸರು ಎರಡನ್ನೂ ಬರೆಯಬಾರದೆಂಬ ಷರತ್ತಿನ ಮೇಲೆ ಮಾತಿಗೆ ಒಪ್ಪಿದ್ದಾರೆ. ಇಲ್ಲಿಂದ ಪರಾರಿಯಾದವರ, ಕಾಣೆಯಾದವರ ವಿವರಗಳನ್ನು ಯುರೋಪಿನ ಉಳಿದ ದೇಶಗಳಿಗೆ ಕಳಿಸುವುದು, ಅಲ್ಲಿಂದ ಬಂದದ್ದನ್ನು ಇಲ್ಲಿನ ದಾಖಲೆಗಳೊಂದಿಗೆ ತಾಳೆ ನೋಡುವುದು ಅವರ ಕೆಲಸ.

ಆರೂವರೆಗೆ ಎರಡನೇ ಮಹಡಿಯ ಮೇಜಿನ ಮುಂದೆ ಕೂತಾಗ ಪರದೆಯ ಮೇಲೆ ಮೂವತ್ತನಾಲ್ಕು ಸಂದೇಶಗಳು ಕಾದಿವೆ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಾರೆ, ಬೆಣ್ಣೆ ಸವರಿದ ಸೋಡಾ ಬ್ರೆಡ್ಡಿನ ಎರಡು ತುಂಡು ಪಕ್ಕಕ್ಕಿಡುತ್ತಾರೆ. ಎಂಟು ಗಂಟೆಯವರೆಗೆ ಆ ಬ್ರೆಡ್ಡನ್ನು ಮುಟ್ಟುವುದಿಲ್ಲ.

ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿದ್ದಾಗ ಈ ಕೆಲಸ ಹೀಗಿರಲಿಲ್ಲ. ಒಬ್ಬನ ಹೆಸರು, ಫೋಟೊ, ಬೆರಳಚ್ಚನ್ನು ಒಮ್ಮೆ ದಾಖಲಿಸಿದರೆ ಸಾಕಿತ್ತು. ಲಿಸ್ಬನ್ನಿನ ರಸ್ತೆಯಲ್ಲಿ ಕಾರು ತಡೆದ ಪೇದೆಗೂ ಅದು ಕಾಣುತ್ತಿತ್ತು. ಬ್ರಿಟನ್ ಹೊರಬಂದ ಮೇಲೆ, ಎರಡು ಸಾವಿರದ ಇಪ್ಪತ್ತೊಂದರ ಹೊಸ ವರ್ಷದ ಬೆಳಿಗ್ಗೆ, ಡಿಂಪ್ನಾ ಎಂದಿನಂತೆ ಬಂದು ಕೂತರು. ಪರದೆಯ ಮೇಲೆ ಆ ದಾಖಲೆಗಳ ಕಿಟಕಿ ತೆರೆಯಲಿಲ್ಲ.

"ತಂತಿ ಕಿತ್ತಿದೆಯೇನೋ ಅಂತ ಮೇಜಿನ ಕೆಳಗೂ ಬಗ್ಗಿ ನೋಡ್ದೆ," ಎಂದು ನಗುತ್ತಾರೆ. "ಗೊತ್ತಿತ್ತು, ತಿಂಗಳುಗಟ್ಟಲೆ ಸಭೆ ಮಾಡಿ ಹೇಳಿದ್ರು. ಆದ್ರೂ ನೋಡ್ದೆ."

ಸಹಕಾರವೇನೂ ನಿಂತಿಲ್ಲ. ಹೊಸ ಒಪ್ಪಂದವಿದೆ, ಹೊಸ ವಾರಂಟುಗಳಿವೆ, ಬೆರಳಚ್ಚು ಹೋಲಿಸಿ ಕೇಳುವ ದಾರಿಯಿದೆ. ಆದರೆ ಈಗ ಎಲ್ಲವನ್ನೂ ಬೇರೆ ದಾರಿಯಲ್ಲಿ, ಬೇರೆ ನಮೂನೆಯಲ್ಲಿ ಕಳಿಸಬೇಕು. ತಲುಪಿದ್ದನ್ನು ಆ ದೇಶದವರು ತಮ್ಮ ಪೇದೆಗಳ ಪರದೆಗೆ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಡಿಂಪ್ನಾ ಹುಟ್ಟಿದ್ದು ಹಿನ್ನೀರಿನ ಆಚೆ ದಡದ ಓಮೀತ್‌ನಲ್ಲಿ, ಅಂದರೆ ಗಡಿಯ ದಕ್ಷಿಣಕ್ಕೆ. ಮದುವೆಯಾಗಿ ಬಂದದ್ದು ಈಚೆ ದಡಕ್ಕೆ. ಅಪ್ಪ ನ್ಯೂರಿ–ಡಂಡಾಕ್ ಬಸ್ಸಿನ ಡ್ರೈವರ್. ಗಡಿಯಲ್ಲಿ ಬ್ರಿಟಿಷ್ ಸೈನಿಕರ ತಪಾಸಣೆಗೆ ದಿನಕ್ಕೆ ನಾಲ್ಕು ಸಲ ಬಸ್ಸು ನಿಲ್ಲಿಸುತ್ತಿದ್ದರಂತೆ. ಅಂಥ ಮನೆಯ ಮಗಳು ಪೊಲೀಸ್ ಕಚೇರಿಯಲ್ಲಿ ಟೈಪಿಸ್ಟ್ ಆದಾಗ ಅಣ್ಣ ಡೆಕ್ಲನ್ ಎರಡು ವರ್ಷ ಮಾತು ಬಿಟ್ಟ. ನೆರೆಹೊರೆಯವರಿಗೆ ಡಿಂಪ್ನಾ ತಮ್ಮದು ನೀರಿನ ಇಲಾಖೆಯ ಕೆಲಸ ಎಂದು ಹೇಳಿದ್ದರು.

"ನೀರಿನ ಇಲಾಖೆ ಅನ್ನೋದು ದೊಡ್ಡ ತಪ್ಪಾಯ್ತು," ಅನ್ನುತ್ತಾರೆ. "ಬೀದಿಲಿ ಪೈಪ್ ಒಡೆದ್ರೆ ಸಾಕು, ನಮ್ಮ ಬಾಗಿಲು ಬಡಿಯೋರು. ಪ್ಲಂಬರ್ ಒಬ್ಬನ ನಂಬರ್ ಯಾವಾಗ್ಲೂ ಇಟ್ಕೊಂಡಿದ್ದೆ."

ಅವರ ಕೆಲಸ ಎಂಥದ್ದೆಂದು ತಿಳಿಯಲು ಮ್ಯಾಲಕಿ ಟ್ರೇನರ್ ಪ್ರಕರಣವನ್ನು ಹೇಳಬೇಕು. ಎಪ್ಪತ್ತೊಂದು ವರ್ಷದ ನಿವೃತ್ತ ಅಂಚೆಯಣ್ಣ ಟ್ರೇನರ್ ಒಂದು ಮುಂಜಾನೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ವ್ಯಾನೊಂದು ಗುದ್ದಿ, ನಿಲ್ಲಿಸದೆ ಹೋಯಿತು. ನಾಲ್ಕು ದಿನದ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ವ್ಯಾನ್ ಓಡಿಸಿದ್ದ ಜೆರಾರ್ಡ್ ಸ್ಮಿತ್ ಸಿಕ್ಕಿಬಿದ್ದ, ಬೆರಳಚ್ಚು ಕೊಟ್ಟ, ಬ್ರಿಟಿಷ್ ಪಾಸ್‌ಪೋರ್ಟನ್ನು ನ್ಯಾಯಾಲಯಕ್ಕೆ ಒಪ್ಪಿಸಿ ಜಾಮೀನು ಪಡೆದ. ವಿಚಾರಣೆಗೆ ಒಂಬತ್ತು ದಿನ ಇದ್ದಾಗ ಕಾಣೆಯಾದ. ನ್ಯಾಯಾಧೀಶರು ವಾರಂಟಿಗೆ ಸಹಿ ಹಾಕಿದರು. ಡಿಂಪ್ನಾ ಅವನ ಹೆಸರನ್ನು ಒಕ್ಕೂಟದ ಇಪ್ಪತ್ತೇಳು ದೇಶಗಳಿಗೂ ಕಳಿಸಿದರು.

ಹನ್ನೊಂದು ತಿಂಗಳು ಯಾವ ಸುದ್ದಿಯೂ ಬರಲಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಮ್ಯಾಲಕಿಯ ಹೆಂಡತಿ ಫಿಲೋಮಿನಾ ಬಸ್ಸಿನಲ್ಲಿ ಬಂದು ಕೆಳಗಿನ ಕೌಂಟರಿನ ಮುಂದೆ ಕೂರುತ್ತಿದ್ದರು. ಜನರೊಡನೆ ಮಾತಾಡುವುದು ಡಿಂಪ್ನಾ ಅವರ ಕೆಲಸವಲ್ಲ. ಆದರೂ ಇಳಿದು ಹೋಗುತ್ತಿದ್ದರು.

"'ಏನಾದ್ರೂ?' ಅಂತ ಕೇಳೋರು. 'ಇನ್ನೂ ಇಲ್ಲಮ್ಮ' ಅಂತಿದ್ದೆ. 'ಸರಿ, ಮುಂದಿನ ತಿಂಗಳು ಬರ್ತೀನಿ' ಅಂತ ಎದ್ದು ಹೋಗೋರು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು."

ನವೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಏಳು ಹತ್ತಕ್ಕೆ ಮೇಜಿನ ಫೋನ್ ಬಡಿದುಕೊಂಡಿತು. ಗಡಿಯ ದಕ್ಷಿಣದ ಪೊಲೀಸ್ ಸಾರ್ಜೆಂಟ್ ಫಿಂಟನ್ ಕರ್ಲಿ. ಹದಿನಾಲ್ಕು ವರ್ಷಗಳಿಂದ ಇಬ್ಬರ ನಡುವೆ ಫೋನಿನ ಪರಿಚಯ. ಅಂದಿನ ಮಾತುಕತೆಯನ್ನು ಡಿಂಪ್ನಾ ಹಾಗೇ ಒಪ್ಪಿಸುತ್ತಾರೆ.

"ಏನಮ್ಮಾ, ನಿಮ್ಮ ಬ್ರಿಟನ್ನಿನ ರಾಜಮನೆತನದವರು ಎದ್ರಾ?"

"ಎದ್ದು ಚಹಾನೂ ಆಯ್ತು. ನಿಮ್ಮ ಕಡೆ ಎಷ್ಟೊತ್ತಿಗಪ್ಪಾ ಬೆಳಗಾಗೋದು?"

"ಒಬ್ಬ ನನ್ನ ನಿದ್ದೆ ಕೆಡಿಸಿದಾನೆ. ಡಚ್ಚರು ಅವರ ಬಂದರಿನ ಗೇಟ್ ಹತ್ರ ಜಗಳ ಆಡ್ತಿದ್ದ ಅಂತ ಹಿಡಿದಿದ್ದಾರೆ. ನಮ್ಮ ಐರಿಷ್ ಪಾಸ್‌ಪೋರ್ಟು. ಹೆಸರು ಗ್ಯಾರೋಡ್ ಮಾಕ್ ಗವನ್. ನಮ್ಮಲ್ಲಿ ಅವನ ಮೇಲೆ ಏನೂ ಇಲ್ಲ. ಹುಟ್ಟಿದ್ದು ನಿಮ್ಮ ಡೌನ್ ಜಿಲ್ಲೆ ಅಂತಿದೆ. ನಿಮ್ಮೋನಾ?"

ಡಿಂಪ್ನಾ ಹೆಸರು ಒತ್ತಿದರು. ಪರದೆ 'ದಾಖಲೆ ಇಲ್ಲ' ಎಂದಿತು. ನಮ್ಮವನಲ್ಲ ಎಂದು ಉತ್ತರಿಸಿದ್ದರೆ ಅವರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ಡಿಂಪ್ನಾ ಅವರ ತಾಯಿ ಕ್ಯಾವನ್ ಜಿಲ್ಲೆಯ ಸ್ಮಿತ್ ಮನೆತನದವರು. ಐರಿಷ್‌ನಲ್ಲಿ ಮಾಕ್ ಗವನ್ ಎಂದರೆ ಕಮ್ಮಾರನ ಮಗ. ಇಂಗ್ಲಿಷ್ ಬಂದಾಗ ಆ ಮನೆತನಗಳಲ್ಲಿ ಎಷ್ಟೋ ಮಂದಿ ಸ್ಮಿತ್ ಆದರು, ಅದರ ಅರ್ಥವೂ ಕಮ್ಮಾರ. ಗ್ಯಾರೋಡ್ ಎಂದರೆ ಜೆರಾರ್ಡ್.

"ಫಿಂಟನ್, ಹುಟ್ಟಿದ ದಿನ ಹೇಳು."

"ಮಾರ್ಚ್ ಒಂಬತ್ತು, ಎಂಬತ್ತೊಂದು."

"ಫೋನ್ ಇಡ್ಬೇಡ," ಎಂದರಂತೆ ಡಿಂಪ್ನಾ. ಜೆರಾರ್ಡ್ ಸ್ಮಿತ್ ಕಡತದಲ್ಲಿದ್ದದ್ದು ಅದೇ ದಿನ.

ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ, ಎರಡೂ ದೇಶದ ಪಾಸ್‌ಪೋರ್ಟಿಗೆ ಹಕ್ಕಿರುವ ಉತ್ತರದ ಸಾವಿರಾರು ಜನರಂತೆ ಅವನೂ ಐರಿಷ್ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದ. ಶಾಲೆಯ ದಾಖಲೆ ಐರಿಷ್‌ನಲ್ಲಿತ್ತು, ಪಾಸ್‌ಪೋರ್ಟೂ ಹಾಗೇ ಆಯಿತು. ನ್ಯಾಯಾಲಯಕ್ಕೆ ಒಂದನ್ನು ಒಪ್ಪಿಸಿ ಇನ್ನೊಂದರಲ್ಲಿ ಹೊರಟುಹೋಗಿದ್ದ. ಡಚ್ಚರು ಆ ಜಗಳಕ್ಕೆ ಅವನನ್ನು ಹಿಡಿದಿಡಬಹುದಾದದ್ದು ತಮ್ಮ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ. ಅಂದರೆ ಇಲ್ಲಿನ ಹನ್ನೊಂದು.

ಡಿಂಪ್ನಾ ಇನ್‌ಸ್ಪೆಕ್ಟರ್ ಹಾರ್ಬಿನ್ಸನ್ ಅವರ ಮನೆಗೆ ಫೋನ್ ಮಾಡಿದರು. ಅವರು ಗಡ್ಡ ಬೋಳಿಸಿಕೊಳ್ಳುತ್ತಿದ್ದರು.

"ಒಂದೇ ದಿನ ಹುಟ್ಟಿದೋರು ಸಾವಿರ ಜನ ಇರ್ತಾರೆ, ಡಿಂಪ್ನಾ."

"ಇರ್ತಾರೆ ಸರ್. ಸಾವಿರ ಜನಾನೂ ಡೌನ್ ಜಿಲ್ಲೆಲಿ ಹುಟ್ಟಿರಲ್ಲ, ಸಾವಿರ ಜನಾನೂ ಕಮ್ಮಾರರಾಗಿರಲ್ಲ."

ಅತ್ತ ನಲ್ಲಿ ನಿಲ್ಲಿಸಿದ ಸದ್ದು. ಆಮೇಲೆ, "ಬೆರಳಚ್ಚು ಕಳಿಸು. ನಾನು ಬಂದೆ."

ಡಚ್ ಠಾಣೆಯ ನಮೂನೆ ನಾಲ್ಕು ಪುಟ. ಮೊದಲ ಸಲ ಕಳಿಸಿದ್ದು, ಹೆಸರು ಹೊಂದುತ್ತಿಲ್ಲವೆಂದು ವಾಪಸು ಬಂತು. ಎರಡನೇ ಸಲ ಎರಡೂ ಹೆಸರು ಬರೆದು, ಮೇಲ್ಗಡೆ ವಾರಂಟಿನ ಪ್ರತಿಯಿಟ್ಟು ಕಳಿಸಿದರು. ನಂತರ ಠಾಣೆಗೇ ಫೋನ್ ಮಾಡಿದರು. ಎತ್ತಿದ ಹೆಂಗಸಿನ ಹೆಸರು ಮಾರೈಕೆ.

"ಆಕೆ 'ಸಂದೇಶ ನೋಡ್ತೀವಿ, ಉತ್ತರ ಕಳಿಸ್ತೀವಿ' ಅಂದ್ಳು. ನಾನು 'ಈಗ್ಲೇ ನೋಡಿ, ನಾನು ಕಾಯ್ತೀನಿ' ಅಂದೆ. 'ತುಂಬಾ ಹೊತ್ತಾಗುತ್ತೆ' ಅಂದ್ಳು. 'ಆಗ್ಲಿ ತಾಯಿ, ನನಗೆ ಬೇರೆ ಕೆಲಸ ಇಲ್ಲ' ಅಂದೆ. ಆವತ್ತು ಪರದೆ ಮೇಲೆ ನಲವತ್ತೊಂದು ಸಂದೇಶ ಇತ್ತು."

ಹತ್ತು ಇಪ್ಪತ್ತಕ್ಕೆ ಉತ್ತರ ಬಂತು. ಎರಡೂ ಕಡೆಯ ಬೆರಳಚ್ಚು ಒಬ್ಬನದೇ. ಜೆರಾರ್ಡ್ ಸ್ಮಿತ್ ಹೊರಗೆ ಹೋಗಲಿಲ್ಲ.

ನಾಲ್ಕು ತಿಂಗಳ ನಂತರ ಅವನನ್ನು ಕರೆತಂದರು. ಐದು ವರ್ಷದ ಶಿಕ್ಷೆಯಾಯಿತು. ಪತ್ರಿಕೆಗಳಲ್ಲಿ 'ಅಂತರರಾಷ್ಟ್ರೀಯ ಕಾರ್ಯಾಚರಣೆ' ಎಂದು ಬಂತು. ಗುಮಾಸ್ತೆಯ ಪ್ರಸ್ತಾಪ ಎಲ್ಲೂ ಇಲ್ಲ.

ಅವನು ಸಿಕ್ಕಿದ ಸುದ್ದಿಯನ್ನು ಫಿಲೋಮಿನಾ ಅವರಿಗೆ ಹೇಳಲು ಇನ್‌ಸ್ಪೆಕ್ಟರ್ ಜೊತೆ ಡಿಂಪ್ನಾ ಕೂಡ ಹೋಗಿದ್ದರು. ಆಕೆ ಅಳಲಿಲ್ಲ. ಒಲೆಯ ಮೇಲಿನ ಕೆಟಲ್ ಇಳಿಸಿ, ಮೂರು ಲೋಟ ಚಹಾ ಮಾಡಿ, ಕೂತ ಮೇಲೆ ಕೇಳಿದರು: "ಹಾಗಾದ್ರೆ ನಾನು ಇನ್ಮೇಲೆ ಸೋಮವಾರ ಬರೋದು ಬೇಡ, ಅಲ್ವಾ?"

"ಬೇಡಮ್ಮ" ಎಂದರಂತೆ ಡಿಂಪ್ನಾ. "ಆಗ ಆಕೆ ಮುಖ ನೋಡ್ಬೇಕಿತ್ತು ನೀವು. ನೆಮ್ಮದಿ ಅಂತ ಅನ್ಕೊಂಡಿದ್ದೆ ನಾನು. ಅದಲ್ಲ. ಹೋಗೋಕೆ ಇದ್ದ ಒಂದು ಜಾಗಾನೂ ಇಲ್ಲದ ಹಾಗಾಯ್ತು ಅವರಿಗೆ."

ಎಲ್ಲ ಪ್ರಕರಣವೂ ಹೀಗೆ ಮುಗಿಯುವುದಿಲ್ಲ. ಹೆಂಡತಿಯ ಕೈ ಮುರಿದು ಓಡಿಹೋದ ಒಬ್ಬ ಎಲ್ಲಿದ್ದಾನೆಂದು ಡಿಂಪ್ನಾ ಅವರಿಗೆ ಚೆನ್ನಾಗಿ ಗೊತ್ತು, ಬೀದಿಯ ಹೆಸರೂ ಗೊತ್ತು. ಆದರೆ ಅವನು ಇರುವುದು ತನ್ನ ಸ್ವಂತ ದೇಶದಲ್ಲಿ. ಹೊಸ ಒಪ್ಪಂದದ ಪ್ರಕಾರ ಆ ದೇಶ ತನ್ನ ಪ್ರಜೆಗಳನ್ನು ಒಪ್ಪಿಸಬೇಕಿಲ್ಲ. ಆ ಹೆಂಗಸು ಈಗಲೂ ಫೋನ್ ಮಾಡುತ್ತಾಳೆ. ಆಕೆಗೆ ಏನು ಹೇಳುತ್ತೀರಿ ಎಂದರೆ ಡಿಂಪ್ನಾ ಅನ್ನುತ್ತಾರೆ: "ನಿಜ ಹೇಳ್ತೀನಿ. ಇನ್ನೇನು ಹೇಳ್ಲಿ?"

ಬರುವ ಏಪ್ರಿಲ್‌ನಲ್ಲಿ ಅವರ ನಿವೃತ್ತಿ. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವ ಬಗ್ಗೆ ಇನ್ನೂ ಏನೂ ತೀರ್ಮಾನವಾಗಿಲ್ಲ. ಕಂಪ್ಯೂಟರೇ ಹೆಸರು ಹೊಂದಿಸುವ ಹೊಸ ವ್ಯವಸ್ಥೆ ಬರುತ್ತಿದೆಯಂತೆ. ಅದರ ಬಗ್ಗೆ ಅವರಿಗೆ ತಕರಾರಿಲ್ಲ, ಬರಲಿ ಅನ್ನುತ್ತಾರೆ. ಬೀಳ್ಕೊಡುಗೆ ಸಮಾರಂಭ ಬೇಡವೆಂದು ಈಗಲೇ ಬರೆದುಕೊಟ್ಟಿದ್ದಾರೆ.

ಹಾಗಾದರೆ ಏನೂ ಆಸೆಯಿಲ್ಲವೇ ಎಂದು ಕೇಳಿದರೆ ಮೇಜಿನ ಫೋನಿನ ಕಡೆ ಕೈ ತೋರಿಸುತ್ತಾರೆ.

"ಒಂದಿದೆ. ಫಿಂಟನ್ ಬೆಳಿಗ್ಗೆ ಏಳಕ್ಕೆ ಫೋನ್ ಮಾಡ್ತಾನೆ. ಯಾರಾದ್ರೂ ಎತ್ಕೋಬೇಕು."