ಇನ್ನೂ ಬಾರದ ರವಿವಾರ

ಇವತ್ತು ಬೆಳಿಗ್ಗೆ ನಮ್ಮವರ ರಕ್ತ ತೆಗೆದುಕೊಳ್ಳಲು ಲ್ಯಾಬಿನ ಹುಡುಗಿ ಮನೆಗೆ ಬಂದಳು. ಏಳಕ್ಕೆ ಬರುತ್ತೇನೆಂದು ಹೇಳಿ ಏಳೂವರೆಗೆ ಬಂದಳು. ಅದನ್ನು ನಾನು ಆಕೆಗೆ ಹೇಳದೆ ಬಿಡಲಿಲ್ಲ. ಹತ್ತಿಯ ಉಂಡೆಗೆ ಸ್ಪಿರಿಟ್ ಸುರಿದಾಗ ಆ ತಣ್ಣನೆಯ ವಾಸನೆ ಮನೆಯೆಲ್ಲ ಹರಡಿತು. ಕೆಲಸ ಮುಗಿಸಿ ಆಕೆ ಒಂದು ಕಾಗದ ಮುಂದಿಟ್ಟು ಮರಾಠಿಯಲ್ಲಿ, "ಕಾಕೂ, ಕಾಕಾಗೆ ಏನಾದರೂ ತೊಂದರೆ ಇದೆಯೇ ಅಂತ ಒಂದು ಸಾಲು ಇದೆ. 'ಇಲ್ಲ' ಅಂತ ಬರೆದುಬಿಡಿ, ಸಾಕು" ಎಂದಳು.

ಎಷ್ಟು ಸುಲಭ ನೋಡಿ! ಆ ಒಂದು ಶಬ್ದವನ್ನು ನನ್ನಷ್ಟು ಅಚ್ಚುಕಟ್ಟಾಗಿ ಬರೆದವರು ಈ ಪುಣೆಯಲ್ಲಿ ಇನ್ನೊಬ್ಬರಿರಲಾರರು. ಪೆನ್ನು ಕೈಯಲ್ಲೇ ಉಳಿಯಿತು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಧಾರವಾಡದ ಹಾಸ್ಟೆಲ್ಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವಳು ನಾನು. ಮದುವೆಯಾಗಿ ಪುಣೆಗೆ ಬಂದ ಮೇಲೆ ಶಿವಾಜಿನಗರದ ಒಂದು ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿ ಇಪ್ಪತ್ತೆಂಟು ವರ್ಷ ಅದೇ ಗಂಟೆಯನ್ನು ನಾನೇ ಹೊಡೆಸಿದೆ. ನಮ್ಮವರು ಇದಕ್ಕೆ ತದ್ವಿರುದ್ಧ. ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ದಿನವಿಡೀ ಸೆರಗು ಬಿಚ್ಚಿ ತೋರಿಸುತ್ತ, ಮಾತಾಡುತ್ತ ಆಯುಷ್ಯ ಕಳೆದವರು. ಐವತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದವರಿಗೂ ಚಹಾ ತರಿಸಿ ಕೊಟ್ಟು ಕಳಿಸುವ ಪೈಕಿ. ನಿವೃತ್ತರಾದ ಮೇಲೆ ಅವರ ಮಾತು ಕೇಳಲು ಮನೆಯಲ್ಲಿ ಉಳಿದವಳು ನಾನೊಬ್ಬಳು, ನನಗೋ ಯಾವಾಗಲೂ ಮುಂದಿನ ಕೆಲಸ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಒಂದು ದಿನ ರಕ್ತದೊತ್ತಡ ತೋರಿಸಲು ಆಸ್ಪತ್ರೆಗೆ ಹೋದವರು ಹಿಗ್ಗಿ ಬಂದರು. ಒತ್ತಡಕ್ಕೆ ಹೊಸ ಗುಳಿಗೆಯೊಂದನ್ನು ಪರೀಕ್ಷೆ ಮಾಡುತ್ತಿದ್ದಾರಂತೆ, ಅದಕ್ಕೆ ಜನ ಬೇಕಂತೆ.

"ಏನ, ಕೇಳಿಲ್ಲಿ. ಗುಳಿಗಿ ನುಂಗಾಂವ ನಾನು, ರೊಕ್ಕ ಕೊಡೋರು ಅವರು! ಹಿಂಗೂ ಒಂದು ನೌಕರಿ ಅದ ಜಗತ್ತಿನ್ಯಾಗ."

"ಪ್ರಯೋಗದ ಇಲಿ ಆಗ್ತೀರಿ ಅಂತ ಅನ್ರಿ."

"ಇಲಿಗೆ ಯಾರ ಚಹಾ ಕೊಡ್ತಾರ? ಇಲಿ ಸಹಿ ಯಾರ ಕೇಳ್ತಾರ?"

ಸಹಿಗೆ ಮೊದಲು ಒಪ್ಪಿಗೆಯ ಕಾಗದವನ್ನು ಕೆಂಪು ಪೆನ್ಸಿಲ್ ಹಿಡಿದು ನಾನೇ ಓದಿದೆ. ಅಲ್ಲಿನ ಡಾಕ್ಟರು ಎಳೆವಯಸ್ಸಿನ ಹೆಣ್ಣುಮಗಳು. ನನ್ನ ಹನ್ನೊಂದು ಪ್ರಶ್ನೆಗಳಿಗೂ ಬೇಸರಿಸದೆ ಉತ್ತರ ಹೇಳಿದಳು. ಆಮೇಲೆ ಒಂದು ದಿನಚರಿಯ ಪುಸ್ತಕ ಕೊಟ್ಟಳು. ದಿನಾ ರಾತ್ರಿ ಊಟವಾದ ಮೇಲೆ ಗುಳಿಗೆ ನುಂಗಿದ ಹೊತ್ತು, ಏನಾದರೂ ತೊಂದರೆ ಆಗಿದ್ದರೆ ಅದು, ಎರಡನ್ನೂ ಬರೆಯಬೇಕು.

ಅವರ ಅಕ್ಷರ ಅವರಿಗೇ ತಿಳಿಯದು. ಹೀಗಾಗಿ ಪುಸ್ತಕ ನನ್ನ ಕೈಗೆ ಬಂತು. ಮೊದಲ ವಾರ ದಿನಾ ಕೇಳಿದೆ. "ತ್ರಾಸ ಏನಿಲ್ಲ, ಆದ್ರ ಇವತ್ತ ಸಂತ್ಯಾಗ ಏನಾತು ಅಂದ್ರ..." ಎಂದು ಶುರುವಾದರೆ ಸಂತೆಯಿಂದ ಹೊರಟ ಮಾತು ಬಾರಾಮತಿಯ ಬೀಗರ ಮನೆ ಮುಟ್ಟುತ್ತಿತ್ತು. ಪುಸ್ತಕದ ಸಾಲಿನ ಅಗಲವೋ ಒಂದು ಬೆರಳು! ಎರಡನೆಯ ವಾರ ಕೇಳುವುದನ್ನು ಬಿಟ್ಟೆ. ಮೂರನೆಯ ವಾರ, ಸೋಮವಾರವೇ ಕೂತು ಏಳೂ ದಿನಗಳ ಮುಂದೆ 'ಇಲ್ಲ' ಎಂದು ಒಂದೇ ಅಳತೆಯಲ್ಲಿ ಬರೆದು ಮುಗಿಸಿದೆ. ಪುಟ ಮುದ್ರಿಸಿದ ಹಾಗೆ ಕಾಣುತ್ತಿತ್ತು.

"ಪಂಚಾಂಗ ಬರದಂಗ ಬರದೀಯಲ್ಲ!" ಎಂದು ಅವರು ನಕ್ಕರು.

ಆ ವಾರ ಅವರು ಮಂಚದಿಂದ ಏಳುವಾಗ ಅಂಚಿನಲ್ಲೇ ಕೂತಿರುತ್ತಿದ್ದರು. ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. "ಹಾದ್ಯಾಗ ಅಡ್ಡ ನಿಂದರಬ್ಯಾಡ್ರಿ" ಎಂದು ನಾನು ಪಾತ್ರೆ ಹಿಡಿದು ಪಕ್ಕದಿಂದ ದಾಟಿದೆ.

ತೋರಿಸಬೇಕಿದ್ದ ಮುಂದಿನ ಸೋಮವಾರ ಸೂಟಿ ಇದ್ದುದರಿಂದ ಆ ವಾರದ ಶುಕ್ರವಾರವೇ ಬರಲು ಹೇಳಿದರು. ಡಾಕ್ಟರು ಪುಸ್ತಕ ತೆರೆದಳು. ಬೆರಳು ಸಾಲುಗಳ ಮೇಲೆ ಇಳಿಯುತ್ತ ಹೋಗಿ ಕೊನೆಯಲ್ಲಿ ನಿಂತಿತು.

"ಕಾಕೂ, ರವಿವಾರ ಇನ್ನೂ ಬಂದಿಲ್ಲವಲ್ಲ?"

"ನಮ್ಮ ಮನೆಯಲ್ಲಿ ರವಿವಾರವೂ ಇವಳನ್ನು ಕೇಳಿಯೇ ಬರುತ್ತದೆ" ಎಂದು ನಮ್ಮವರು ಮರಾಠಿಯಲ್ಲಿ ನಗಿಸಲು ನೋಡಿದರು. ಡಾಕ್ಟರು ನಗಲಿಲ್ಲ. ಅವರನ್ನು ಮಲಗಿಸಿ ಒತ್ತಡ ನೋಡಿದಳು, ಎಬ್ಬಿಸಿ ನಿಲ್ಲಿಸಿ ಇನ್ನೊಮ್ಮೆ ನೋಡಿದಳು. ನಿಂತವರು ಥಟ್ಟನೆ ಮೇಜು ಹಿಡಿದುಕೊಂಡರು. ತಲೆ ತಿರುಗುತ್ತಿತ್ತು. ಮಂಗಳವಾರದಿಂದ ಹಾಗೇ ಆಗುತ್ತಿತ್ತಂತೆ.

"ಯಾಕ ಹೇಳಲಿಲ್ರಿ ನನಗ?"

"ನೀ ಇಲ್ಲಂತ ಬರದಿದ್ದೆಲ್ಲ. ಅಷ್ಟು ಚಂದ ಬರದಿ, ಕಾಟು ಹಾಕಸೂದು ಬ್ಯಾಡ ಅನಿಸ್ತು."

ಹಾಸ್ಟೆಲ್ಲಿನಲ್ಲಿ ಹುಡುಗಿ ಹೊಸ್ತಿಲು ದಾಟಿ ಒಳಗೆ ಬರುವ ತನಕ ಹಾಜರಿ ಹಾಕಿದವಳಲ್ಲ ನಾನು. ಕಟ್ಟಿಕೊಂಡ ಗಂಡನ ಹಾಜರಿಯನ್ನು ಮಾತ್ರ ಮುಂಗಡವಾಗಿ ಹಾಕಿಟ್ಟಿದ್ದೆ.

ಡಾಕ್ಟರು ಗದರಲಿಲ್ಲ. "ಬೇರೆಯವರಿಗೆ ಈ ಗುಳಿಗೆ ಕೊಡಬಹುದೋ ಬೇಡವೋ ಅನ್ನುವುದನ್ನು ನಾವು ಈ ಸಾಲು ನೋಡಿಯೇ ತೀರ್ಮಾನಿಸುವುದು, ಕಾಕೂ" ಎಂದಳು ಮೆಲ್ಲಗೆ. ತಪ್ಪಾದ ಸಾಲಿನ ಮೇಲೆ ಒಂದೇ ಗೆರೆ ಎಳೆಯಬೇಕಂತೆ. ಕೆಳಗಿನ ಅಕ್ಷರ ಕಾಣಿಸುತ್ತಲೇ ಇರಬೇಕಂತೆ. ಪಕ್ಕದಲ್ಲಿ ಸಹಿ, ತಾರೀಖು. ಏಳು ಗೆರೆ ಎಳೆದು ಏಳು ಸಹಿ ಮಾಡಿದೆ. ಅಷ್ಟು ಸೊಟ್ಟ ಗೆರೆಗಳನ್ನು ನಾನು ಜನ್ಮದಲ್ಲಿ ಎಳೆದಿರಲಿಲ್ಲ.

ಗುಳಿಗೆ ಅಂದೇ ನಿಂತಿತು. ಸಂಜೆಯವರೆಗೆ ಅವರನ್ನು ಅಲ್ಲೇ ಮಲಗಿಸಿಕೊಂಡರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಮಾಡಲು ಬೇರೆ ಕೆಲಸವಿರಲಿಲ್ಲ. "ಆ ದಿನ ಸಂತ್ಯಾಗ ಏನಾಗಿತ್ತ್ರಿ?" ಎಂದು ಕೇಳಿದೆ. ಅವರು ಕಣ್ಣು ಅಗಲಿಸಿ ನನ್ನ ಮುಖ ನೋಡಿ, ಮೊದಲಿನಿಂದ ಶುರುಮಾಡಿದರು. ಬಾರಾಮತಿ ಮುಟ್ಟುವ ಹೊತ್ತಿಗೆ ಅವರ ಕೆನ್ನೆಗೆ ಬಣ್ಣ ಬಂದಿತ್ತು. ಮರಳುವಾಗ ಕೈಗೆ ಬಂದ ರೊಕ್ಕದ ಲಕೋಟೆಯಿಂದ ನನಗೊಂದು ಮಲ್ಲಿಗೆಯ ಗಜರಾ ಕೊಂಡು, "ಇದು ನನ್ನ ಕಡೀ ಪಗಾರ" ಎಂದರು.

ಲ್ಯಾಬಿನ ಹುಡುಗಿ ಗಡಿಯಾರ ನೋಡುತ್ತಿದ್ದಳು.

"ಏನರ ತ್ರಾಸ ಅದ ಏನ್ರಿ?" ಎಂದು ಅವರನ್ನು ಕೇಳಿದೆ.

"ಹೇಳ್ತೀನಿ, ಕೂಡು" ಎಂದರು. ಎಡಮೊಣಕಾಲಿನಿಂದ ಆರಂಭವಾಯಿತು. ಸಾಲು ಸಾಲಲಿಲ್ಲ, ಕಾಗದ ಹೊರಳಿಸಿ ಹಿಂಬದಿಗೂ ಬರೆದೆ. ಹುಡುಗಿ ನಿಟ್ಟುಸಿರು ಬಿಟ್ಟು ಚೀಲ ಕೆಳಗಿಟ್ಟು ಕೂತಳು. ಆಕೆಗೂ ಚಹಾ ಬಂತು, ಕೊನೆಗೆ ಹೋದಳು.

ಬಾಗಿಲು ಹಾಕಿ ಬಂದೆ. ಅವರು ಇನ್ನೂ ನನ್ನನ್ನೇ ನೋಡುತ್ತಿದ್ದರು.

"ಮತ್ತ ನಿನಗ?"

"ನನಗೇನ್ರಿ?"

"ತ್ರಾಸ."

'ಇಲ್ಲ' ಎನ್ನುವುದು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಒಲೆಯ ಮೇಲೆ ಹಾಲಿತ್ತು, ಎಂಟೂ ಹತ್ತಾಗಿತ್ತು, ಕುಕ್ಕರಿಗೆ ಅಕ್ಕಿ ಹಾಕುವ ಹೊತ್ತು ಮೀರಿತ್ತು. ಒಲೆ ಆರಿಸಿ ಬಂದು ಅವರ ಪಕ್ಕದಲ್ಲಿ ಕೂತೆ.

"ಬೆನ್ನು ನೋಯ್ತದ್ರಿ" ಎಂದೆ. "ಹೋದ ತಿಂಗಳಿಂದ."